ಸಭಾಕಂಪ ಮತ್ತು ಸಭೆಯ ಹೊಣೆ

ಮಠಗಳ ಪ್ರಾಂಗಣದಲ್ಲಿ ನಡೆಯುವ ಶರಣ ಚಿಂತನ ಗೋಷ್ಠಿಗಳನ್ನು ವರ್ಷಗಳಿಂದ ಕಂಡವರಿಗೆ ಒಂದು ಸಂಗತಿ ಪರಿಚಿತವೇ ಆಗಿರುತ್ತದೆ. ದಾಸೋಹ ಮನೆಯ ಕಟ್ಟೆಯ ಮೇಲೆ ಕುಳಿತು ಒಂದೇ ವಚನವನ್ನು ಅರ್ಧ ಗಂಟೆ ಬಿಡಿಸಿ ಹೇಳಬಲ್ಲ ತಾಯಂದಿರು, ಮೂರು ದಶಕ ಪಾಠ ಹೇಳಿ ನಿವೃತ್ತರಾದ ಶಿಕ್ಷಕರು, ಸಂತೆಯಲ್ಲಿ ನೂರು ಜನರೊಡನೆ ವಾದಿಸಿ ಗೆಲ್ಲುವ ವರ್ತಕರು ವೇದಿಕೆಯ ಮೇಲೆ ಧ್ವನಿವರ್ಧಕದ ಮುಂದೆ ನಿಂತೊಡನೆ ಬೇರೆಯೇ ವ್ಯಕ್ತಿಗಳಾಗಿಬಿಡುತ್ತಾರೆ. ಕೈಯಲ್ಲಿನ ಹಾಳೆ ನಡುಗುತ್ತದೆ, ಗಂಟಲು ಒಣಗುತ್ತದೆ, ಬಾಯಿಗೆ ಬರುತ್ತಿದ್ದ ವಚನ ಎರಡನೆಯ ಸಾಲಿಗೇ ಕೈಕೊಡುತ್ತದೆ. ನಾಲ್ಕು ಮಾತು ಹೇಳಿ, ಕ್ಷಮೆ ಕೇಳಿ ಇಳಿದುಬಂದವರು ಮುಂದಿನ ವರ್ಷ ಆಹ್ವಾನ ಬಂದಾಗ ಊರಲ್ಲಿ ಇರುವುದಿಲ್ಲವೆಂದು ಹೇಳಿ ಕಳುಹಿಸುತ್ತಾರೆ. ಹೀಗೆ ಒಳ್ಳೆಯ ಚಿಂತಕರೊಬ್ಬರು ಗೋಷ್ಠಿಗೆ ಶಾಶ್ವತವಾಗಿ ಇಲ್ಲವಾಗುತ್ತಾರೆ. ಅದನ್ನು ಯಾರೂ ನಷ್ಟವೆಂದು ಎಣಿಸುವುದೂ ಇಲ್ಲ.

ಇದಕ್ಕೆ ಕನ್ನಡದಲ್ಲಿ ಸಭಾಕಂಪ ಎಂಬ ಹೆಸರಿದೆ. ಹೆಸರು ಅರ್ಥವತ್ತಾಗಿದೆ. ಅದು ಸಭಾಭಯವಲ್ಲ, ಸಭಾಕಂಪ. ಭಯ ಮನಸ್ಸಿನದು, ಕಂಪ ದೇಹದ್ದು. ಈ ಸ್ಥಿತಿಯನ್ನು ಹೇಡಿತನವೆಂದು ನಿಂದಿಸದೆ ಒಂದು ನಡುಕವೆಂದಷ್ಟೇ ಗುರುತಿಸಿದ ಪದ ಇದು. ಆದರೆ ಅದಕ್ಕೆ ಹೇಳುವ ಪರಿಹಾರಗಳು ಮಾತ್ರ ಇಷ್ಟು ಸೂಕ್ಷ್ಮವಾಗಿಲ್ಲ. "ಹೆದರಬೇಡಿ, ಧೈರ್ಯವಾಗಿ ಮಾತಾಡಿ" ಎಂಬ ಮಾತು ಎಲ್ಲ ವೇದಿಕೆಗಳ ಮೆಟ್ಟಿಲ ಬಳಿಯೂ ಕೇಳಿಬರುತ್ತದೆ. ಹೆದರಬೇಡಿ ಎಂದ ಮಾತ್ರಕ್ಕೆ ಹೆದರಿಕೆ ಹೋಗುವಂತಿದ್ದರೆ ಅದು ಬರುತ್ತಲೇ ಇರಲಿಲ್ಲ. ಸಭಾಕಂಪವನ್ನು ಸಂಪೂರ್ಣವಾಗಿ ನಿರ್ಮೂಲ ಮಾಡಬೇಕೆಂಬ ಹಟವೇ ತಪ್ಪು ದಾರಿಯೆಂದೂ, ಅದನ್ನು ತಣಿಸುವ ಹೊಣೆಯಲ್ಲಿ ಅರ್ಧದಷ್ಟು ಕೇಳುಗರ ಪಾಲಿಗೆ ಸೇರಿದ್ದೆಂದೂ ತಿಳಿದುಕೊಳ್ಳದೆ ಈ ವಿಷಯದಲ್ಲಿ ಮುನ್ನಡೆಯಲಾಗದು.

ಮೊದಲು ನಡುಕದ ಸ್ವರೂಪವನ್ನು ನೋಡಬಹುದು. ಭರತಮುನಿಯ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೆಸರಿಸುತ್ತದೆ. ಮೈ ಮರಗಟ್ಟುವುದು, ಬೆವರುವುದು, ರೋಮಾಂಚನ, ಸ್ವರ ಬಿರಿಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ ಇವೇ ಆ ಎಂಟು. ಭಕ್ತಿಯ ಪರವಶತೆಯನ್ನು ಬಣ್ಣಿಸುವಾಗ ಕವಿಗಳು ಬಳಸಿದ್ದು ಇದೇ ಪಟ್ಟಿಯನ್ನು. ಮೊದಲ ಬಾರಿ ವೇದಿಕೆ ಹತ್ತಿದವರ ಅವಸ್ಥೆಯನ್ನು ವೈದ್ಯರೊಬ್ಬರು ಬರೆದಿಟ್ಟರೆ ಆಗುವುದೂ ಬಹುಮಟ್ಟಿಗೆ ಇದೇ ಪಟ್ಟಿ! ದೇವರ ಮುಂದೆ ನಿಂತ ಭಕ್ತನ ದೇಹವೂ ಸಭೆಯ ಮುಂದೆ ನಿಂತ ಭಾಷಣಕಾರನ ದೇಹವೂ ಒಂದೇ ಭಾಷೆಯನ್ನು ಆಡುತ್ತಿವೆ. ಒಂದಕ್ಕೆ ಪುಳಕವೆಂದು ಹೆಸರು, ಇನ್ನೊಂದಕ್ಕೆ ಅವಮಾನವೆಂದು ಹೆಸರು.

ದೇಹಶಾಸ್ತ್ರವೂ ಈ ಮಾತಿಗೆ ದೂರವಿಲ್ಲ. ಮಹತ್ತಾದ ಏನೋ ಎದುರಾಗಿದೆ ಎಂದು ಮಿದುಳು ಗ್ರಹಿಸಿದೊಡನೆ ಮೂತ್ರಪಿಂಡಗಳ ಮೇಲೆ ಕುಳಿತಿರುವ ಪುಟ್ಟ ಅಡ್ರಿನಲ್ ಗ್ರಂಥಿಗಳು ಅಡ್ರಿನಾಲಿನ್ ಎಂಬ ಸ್ರಾವವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ. ಓಡಲು, ಹೋರಾಡಲು ಬೇಕಾದ ದೊಡ್ಡ ಸ್ನಾಯುಗಳತ್ತ ರಕ್ತ ಹರಿಯುವುದರಿಂದ ಬೆರಳ ತುದಿ ತಣ್ಣಗಾಗುತ್ತದೆ. ಜೀರ್ಣಕ್ರಿಯೆ ಹಿಂದೆ ಸರಿಯುವುದರಿಂದ ಲಾಲಾರಸ ಕಡಿಮೆಯಾಗಿ ನಾಲಗೆ ಅಂಟುತ್ತದೆ. ಇದು ದೇಹ ಕೆಟ್ಟಿರುವ ಲಕ್ಷಣವಲ್ಲ, ದೇಹ ಸಿದ್ಧವಾಗಿರುವ ಲಕ್ಷಣ. ಸಾಮಾನ್ಯವಾಗಿ ಇದರ ಉಬ್ಬರ ಮಾತು ಆರಂಭಿಸುವ ಹೊತ್ತಿಗೆ ತುದಿ ಮುಟ್ಟಿ, ಮೊದಲ ಕೆಲವು ನಿಮಿಷಗಳಲ್ಲಿ ತಾನಾಗಿ ಇಳಿಯತೊಡಗುತ್ತದೆ. ಆ ನಿಮಿಷಗಳನ್ನು ದಾಟದೆ ಇಳಿದುಬಂದವರಿಗೆ ಮಾತ್ರ ಅದು ಇಳಿಯುತ್ತದೆಂಬ ಅರಿವೇ ಆಗುವುದಿಲ್ಲ.

ಅಮೆರಿಕದ ಹಾರ್ವರ್ಡ್ ವಾಣಿಜ್ಯ ವಿದ್ಯಾಲಯದ ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಇಲ್ಲಿ ಸ್ಮರಿಸಬಹುದು. ಭಾಷಣಕ್ಕೆ ಮುನ್ನ ಕೆಲವರಿಂದ ತಾವು ಶಾಂತರಾಗಿದ್ದೇವೆ ಎಂದೂ, ಇನ್ನು ಕೆಲವರಿಂದ ತಾವು ಉತ್ಸಾಹದಲ್ಲಿದ್ದೇವೆ ಎಂದೂ ಬಾಯಿಬಿಟ್ಟು ಹೇಳಿಸಲಾಯಿತು. ಉತ್ಸಾಹವೆಂದು ಹೇಳಿಕೊಂಡವರ ಭಾಷಣವೇ ಉತ್ತಮವಾಗಿತ್ತು. ಬಡಿದುಕೊಳ್ಳುತ್ತಿರುವ ಎದೆಗೆ ಶಾಂತಿಯ ಹೆಸರಿಟ್ಟರೆ ಎದೆ ನಂಬುವುದಿಲ್ಲ. ಉತ್ಸಾಹದ ಹೆಸರಿಟ್ಟರೆ ಒಪ್ಪಿಕೊಳ್ಳುತ್ತದೆ, ಏಕೆಂದರೆ ಎರಡರಲ್ಲಿಯೂ ಬಡಿತ ಒಂದೇ. ಸಾತ್ತ್ವಿಕ ಭಾವಗಳ ಪಟ್ಟಿಯನ್ನು ಬಲ್ಲವರಿಗೆ ಇದು ಅಷ್ಟೇನೂ ಆಶ್ಚರ್ಯದ ಸಂಗತಿಯಾಗಲಾರದು.

ಆದರೆ ಹೆಸರು ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಈ ಮಾತಿಗೆ ಮಹಾತ್ಮ ಗಾಂಧೀಜಿಯವರ ಜೀವನಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಪೀಠದಲ್ಲಿ ಕುಳಿತ ಗಾಂಧೀಜಿಯವರನ್ನು ಕನ್ನಡಿಗರು ಬಲ್ಲರು. ಸಭೆಯಲ್ಲಿ ಒಂದು ವಾಕ್ಯ ಓದಲಾರದೆ ಕುಳಿತ ಗಾಂಧೀಜಿಯವರ ಬಗ್ಗೆ ಮಾತನಾಡುವವರು ಕಡಿಮೆ. ಸ್ವತಃ ಅವರೇ ತಮ್ಮ ಆತ್ಮಕಥೆಯಲ್ಲಿ ಇದನ್ನು ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿಟ್ಟಿದ್ದಾರೆ.

ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ಅವರು ಅಲ್ಲಿನ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಾಗಿದ್ದರು. ತಪ್ಪದೆ ಸಭೆಗೆ ಹೋಗುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ತಮ್ಮೊಡನೆ ಚೆನ್ನಾಗಿಯೇ ಮಾತನಾಡುವ ಈ ತರುಣ ಸಭೆಯಲ್ಲೇಕೆ ಮೂಕನಾಗುತ್ತಾನೆಂದು ಮಿತ್ರರಾದ ಡಾ. ಓಲ್ಡ್‌ಫೀಲ್ಡ್ ಕೇಳಿದ್ದುಂಟು. ಒಮ್ಮೆ ಸಂಘದ ಸದಸ್ಯರಾದ ಡಾ. ಅಲಿನ್ಸನ್ ಅವರನ್ನು ಅವರ ಸಂತಾನ ನಿಯಂತ್ರಣದ ವಿಚಾರಗಳಿಗಾಗಿ ಹೊರಹಾಕುವ ಪ್ರಸ್ತಾಪ ಬಂದಿತು. ಗಾಂಧೀಜಿಯವರಿಗೆ ಆ ವಿಚಾರಗಳು ಒಪ್ಪಿಗೆಯಿರಲಿಲ್ಲ. ಆದರೆ ಸಸ್ಯಾಹಾರದ ಸಂಘದಿಂದ ಒಬ್ಬರನ್ನು ಆ ಕಾರಣಕ್ಕಾಗಿ ಹೊರಹಾಕುವುದು ಅನ್ಯಾಯವೆಂಬುದು ಅವರ ನಿಲುವಾಗಿತ್ತು. ಇದನ್ನು ಹೇಳದೆ ಇರುವಂತಿರಲಿಲ್ಲ, ಹೇಳುವ ಧೈರ್ಯವೂ ಇರಲಿಲ್ಲ. ಬರೆದುಕೊಂಡು ಹೋದರು. ಓದಲೂ ಆಗಲಿಲ್ಲ. ಅಧ್ಯಕ್ಷರು ಅದನ್ನು ಇನ್ನೊಬ್ಬರಿಂದ ಓದಿಸಿದರು. ಅಲಿನ್ಸನ್ ಪಕ್ಷ ಸೋತಿತು. ಆದರೆ ನ್ಯಾಯದ ಪಕ್ಷದಲ್ಲಿದ್ದೆನೆಂಬ ಸಮಾಧಾನ ತಮಗಿತ್ತೆಂದು ಅವರು ಬರೆಯುತ್ತಾರೆ. ವೆಂಟ್ನರ್ ಎಂಬ ಊರಿನ ಸಭೆಯಲ್ಲಿಯೂ ಹೀಗೆಯೇ ಆಯಿತು. ಒಂದೇ ಹಾಳೆಯಷ್ಟು ಬರೆದಿದ್ದ ಭಾಷಣವನ್ನು ಓದಲು ನಿಂತರೆ ಕಣ್ಣು ಮಂಜಾಗಿ ಮೈ ನಡುಗಿತು. ಜೊತೆಯಲ್ಲಿದ್ದ ಮಜುಂದಾರರು ಅದನ್ನು ಓದಿ ಮುಗಿಸಿದರು.

ಸ್ವದೇಶಕ್ಕೆ ಮರಳಿದ ಮೇಲೆ ಮುಂಬಯಿಯ ಸ್ಮಾಲ್ ಕಾಸಸ್ ನ್ಯಾಯಾಲಯದಲ್ಲಿ ಮಮೀಬಾಯಿ ಎಂಬಾಕೆಯ ಮೊಕದ್ದಮೆ ಸಿಕ್ಕಿತು. ಮೂವತ್ತು ರೂಪಾಯಿ ಶುಲ್ಕದ ಸಣ್ಣ ಮೊಕದ್ದಮೆ ಅದು. ಸಾಕ್ಷಿಯನ್ನು ಪಾಟೀಸವಾಲು ಮಾಡಲು ಎದ್ದು ನಿಂತರೆ ತಲೆ ಸುತ್ತಿತು, ಒಂದು ಪ್ರಶ್ನೆಯೂ ತೋಚಲಿಲ್ಲ. ಕುಳಿತುಬಿಟ್ಟರು. ಮೊಕದ್ದಮೆಯನ್ನು ಬೇರೆ ವಕೀಲರಿಗೆ ಒಪ್ಪಿಸುವಂತೆ ಹೇಳಿ, ಶುಲ್ಕ ಹಿಂತಿರುಗಿಸಿ ನ್ಯಾಯಾಲಯದಿಂದ ಹೊರಟುಹೋದರು.

ಇದಾದ ಸ್ವಲ್ಪ ಕಾಲದಲ್ಲಿಯೇ, 1893ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಅದೇ ವ್ಯಕ್ತಿ ಭಾರತೀಯರ ಸಭೆಯೊಂದನ್ನು ತಾವೇ ಕರೆಸಿ ಮಾತನಾಡುತ್ತಾರೆ. ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣವೆಂದು ಅವರು ಕರೆದಿರುವುದು ಇದನ್ನೇ. ಸೇಠ್ ಹಾಜಿ ಮಹಮ್ಮದ್ ಹಾಜಿ ಜೂಸಬ್ ಅವರ ಮನೆಯಲ್ಲಿ ಸೇರಿದ್ದವರು ಬಹುತೇಕ ವರ್ತಕರು. ವ್ಯಾಪಾರದಲ್ಲಿ ಸತ್ಯ ನಡೆಯದೆಂಬ ನಂಬಿಕೆಯನ್ನು ಅವರ ಮುಂದೆಯೇ ಪ್ರಶ್ನಿಸಿದ ಆ ತರುಣ, ಸ್ವಚ್ಛತೆಯ ವಿಷಯ ಹೇಳಿದರು, ಮತಭೇದ ಮರೆಯಲು ಹೇಳಿದರು, ಇಂಗ್ಲಿಷ್ ಕಲಿಯಬಯಸುವವರಿಗೆ ತಾವೇ ಕಲಿಸುವುದಾಗಿ ಹೇಳಿದರು. ಮೂವರು ಮುಂದೆ ಬಂದರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಕಾರ. ಅವರ ಬಿಡುವು ನೋಡಿಕೊಂಡು ಅವರಿದ್ದಲ್ಲಿಗೇ ಹೋಗಿ ಗಾಂಧೀಜಿ ಪಾಠ ಹೇಳಿದರು.

ಮುಂಬಯಿಯಲ್ಲಿ ನಾಲಗೆ ಕಟ್ಟಿದವರಿಗೆ ಪ್ರಿಟೋರಿಯಾದಲ್ಲಿ ಅದು ಹೇಗೆ ಬಿಚ್ಚಿತು? ಕಂಪ ವಾಸಿಯಾಯಿತೆಂದು ಹೇಳುವಂತಿಲ್ಲ. ಮೂರು ವರ್ಷಗಳ ಬಳಿಕ 1896ರಲ್ಲಿ ಮುಂಬಯಿಯ ದೊಡ್ಡ ಸಭೆಯೊಂದರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಫಿರೋಜ್‌ಷಾ ಮೆಹ್ತಾ ಅವರ ಸೂಚನೆಯಂತೆ ಭಾಷಣವನ್ನು ಬರೆದುಕೊಂಡೇ ಬಂದಿದ್ದರು. ಓದತೊಡಗಿದಾಗ ಸ್ವರ ನಡುಗಿತು. ಇನ್ನೂ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಎಂದು ಮೆಹ್ತಾ ಹುರಿದುಂಬಿಸಿದಂತೆಲ್ಲ ಸ್ವರ ಇನ್ನಷ್ಟು ಕುಗ್ಗಿತು. ಕೊನೆಗೆ ದಿನ್‌ಷಾ ವಾಚಾ ಅವರು ಓದಿದರು. (ಹುರಿದುಂಬಿಸುವವರು ಈ ಪ್ರಸಂಗವನ್ನು ಅಗತ್ಯವಾಗಿ ಓದಬೇಕು.) ಆದುದರಿಂದ ಪ್ರಿಟೋರಿಯಾದಲ್ಲಿ ನಡೆದದ್ದು ಚಿಕಿತ್ಸೆಯಲ್ಲ. ಅಲ್ಲಿ ಬದಲಾದದ್ದು ದೃಷ್ಟಿಯ ದಿಕ್ಕು ಎಂದು ತೋರುತ್ತದೆ. ನ್ಯಾಯಾಲಯದಲ್ಲಿ ನಿಂತ ಹೊಸ ಬ್ಯಾರಿಸ್ಟರನ ಮನಸ್ಸಿನಲ್ಲಿ ಬ್ಯಾರಿಸ್ಟರನೇ ತುಂಬಿದ್ದಿರಬೇಕು. ಪ್ರಿಟೋರಿಯಾದಲ್ಲಿ ಅವರ ಮನಸ್ಸಿನಲ್ಲಿ ತುಂಬಿದ್ದುದು ಎದುರಿಗೆ ಕುಳಿತವರ ಬದುಕು. ಅವರು ಅನುಭವಿಸುತ್ತಿದ್ದ ಅಪಮಾನ, ಅವರು ಮಾಡಬೇಕಾದ ತಿದ್ದುಪಡಿ, ಅವರಿಗೆ ಬೇಕಾದ ನಾಲ್ಕು ಇಂಗ್ಲಿಷ್ ಪದ. ತನ್ನನ್ನು ತಾನು ನೋಡಿಕೊಳ್ಳಲು ಅಲ್ಲಿ ಬಿಡುವಿರಲಿಲ್ಲ.

ಸಭಾಕಂಪದ ಬೇರು ಇರುವುದು ಇಲ್ಲಿಯೇ. ಮಾತನಾಡುವವರ ಕಣ್ಣು ಸಭೆಯ ಕಡೆಗಿದ್ದರೂ ಒಳಗಣ್ಣು ತನ್ನ ಮೇಲೆಯೇ ನೆಟ್ಟಿರುತ್ತದೆ. ತಾನು ಹೇಗೆ ಕಾಣುತ್ತಿದ್ದೇನೆ, ಸ್ವರ ನಡುಗಿದ್ದು ತಿಳಿಯಿತೇ, ಮೊದಲ ಸಾಲಿನವರು ನಕ್ಕರೇ ಎಂಬ ಲೆಕ್ಕ ಒಳಗೆ ನಡೆದಿರುತ್ತದೆ. ವಿಷಯಕ್ಕೆ ಸಲ್ಲಬೇಕಾದ ಗಮನವೆಲ್ಲ ಈ ಲೆಕ್ಕಕ್ಕೆ ಸಂದುಹೋದ ಮೇಲೆ ಎರಡನೆಯ ಸಾಲು ನೆನಪಿಗೆ ಬಾರದಿರುವುದು ಸಹಜವೇ. ಈ ಲೆಕ್ಕ ಬಹುಪಾಲು ತಪ್ಪು ಲೆಕ್ಕ ಎಂಬುದೂ ಪ್ರಯೋಗಗಳಿಂದ ತಿಳಿದುಬಂದಿದೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ತೋರಿಸಿದಂತೆ, ತಮ್ಮ ಅಳುಕು ಎಷ್ಟು ಎದ್ದು ಕಾಣುತ್ತಿದೆಯೆಂದು ಭಾಷಣಕಾರರು ಭಾವಿಸುತ್ತಾರೋ ಅಷ್ಟು ಅದು ಕೇಳುಗರಿಗೆ ಕಾಣುತ್ತಿರುವುದಿಲ್ಲ. ಈ ಒಂದು ಸತ್ಯವನ್ನು ಮೊದಲೇ ತಿಳಿಸಿದಾಗ ಅವರ ಭಾಷಣವೂ ಉತ್ತಮಗೊಂಡಿತು. ಇದಕ್ಕೂ ಗಾಂಧೀಜಿಯವರಲ್ಲಿಯೇ ಸಾಕ್ಷಿಯಿದೆ. 1891ರಲ್ಲಿ ಲಂಡನ್ ಬಿಡುವ ಮುನ್ನ ಹೋಬರ್ನ್ ಭೋಜನಗೃಹದಲ್ಲಿ ಮಿತ್ರರಿಗೆ ನೀಡಿದ ಔತಣದಲ್ಲಿ ತಾವು ಮೊದಲ ವಾಕ್ಯದಾಚೆ ಹೋಗಲಾರದೆ, ವಂದಿಸಿ ಕುಳಿತುಬಿಟ್ಟ ಪ್ರಸಂಗವನ್ನು ಅವರು ಆತ್ಮಕಥೆಯಲ್ಲಿ ವಿಷಾದದಿಂದ ನೆನೆಯುತ್ತಾರೆ. ಆದರೆ ಅದೇ ತಿಂಗಳು ಸಸ್ಯಾಹಾರಿಗಳ ಪತ್ರಿಕೆ ಆ ಔತಣದ ವರದಿಯಲ್ಲಿ ಅವರ ಭಾಷಣ ಸ್ವಲ್ಪ ಅಳುಕಿನದಾದರೂ ಸೊಗಸಾಗಿತ್ತೆಂದು ಬರೆದು, ಅವರು ಹೇಳಿದ ವಿಷಯಗಳನ್ನೂ ದಾಖಲಿಸಿದೆ. ಮಾತನಾಡಿದವರ ನೆನಪಿನಲ್ಲಿ ಉಳಿದದ್ದು ಸೋಲು, ಕೇಳಿದವರ ನೆನಪಿನಲ್ಲಿ ಉಳಿದದ್ದು ಸೊಗಸು.

ದೃಷ್ಟಿಯನ್ನು ತನ್ನಿಂದ ತೆಗೆದು ವಿಷಯದ ಮೇಲೆ, ಕೇಳುಗರ ಮೇಲೆ ಇಡುವುದು ಹೇಳಿದಷ್ಟು ಸುಲಭವಲ್ಲ ಎಂಬುದು ದಿಟ. ಆದರೆ ಅದಕ್ಕೆ ಅಡ್ಡಿಯಾಗುವ ಒಂದು ರೂಢಿಯನ್ನಾದರೂ ಬಿಡಬಹುದು. ಇಷ್ಟು ದೊಡ್ಡ ವೇದಿಕೆಯಲ್ಲಿ ಮಾತನಾಡುವ ಅರ್ಹತೆ ತಮಗಿಲ್ಲ, ತಾವು ಅಲ್ಪಮತಿಗಳು, ತಪ್ಪಿದ್ದರೆ ಮನ್ನಿಸಬೇಕು ಎಂಬ ದೀರ್ಘ ಪೀಠಿಕೆಯಿಂದಲೇ ಅನೇಕರು ಆರಂಭಿಸುತ್ತಾರೆ. ಇದಕ್ಕೆ ಬಸವಣ್ಣನವರ ವಿನಯವೇ ಆದರ್ಶವೆಂದು ಸಮರ್ಥನೆಯೂ ಉಂಟು. ಬಸವಣ್ಣನವರು ತಮ್ಮನ್ನು ಎಲ್ಲರಿಗಿಂತ ಕಿರಿಯನೆಂದು ಕರೆದುಕೊಂಡದ್ದು ಶರಣರ ಹಿರಿಮೆಯನ್ನು ಎತ್ತಿಹಿಡಿಯುವುದಕ್ಕೆ. ಅಲ್ಲಿ ಬೆಳಕು ಬೀಳುವುದು ಶರಣರ ಮೇಲೆ. ವೇದಿಕೆಯ ಈ ಪೀಠಿಕೆಯಲ್ಲಿ ಬೆಳಕು ಬೀಳುವುದು ಹೇಳುವವರ ಮೇಲೆಯೇ. ಕೇಳುಗರು ಅಲ್ಲಿಯವರೆಗೆ ಗಮನಿಸಿರದ ನಡುಕವನ್ನು ಆಗ ಹುಡುಕತೊಡಗುತ್ತಾರೆ. ವಿನಯವನ್ನು ವಿಷಯದ ಸಿದ್ಧತೆಯಲ್ಲಿ ತೋರಿಸಿದರೆ ಸಾಕು.

ಇನ್ನೊಂದು ಉಪದೇಶವೂ ಪ್ರಚಾರದಲ್ಲಿದೆ. ಎದುರಿಗೆ ಕುಳಿತವರನ್ನೆಲ್ಲ ಕಲ್ಲುಬಂಡೆಗಳೆಂದು, ಏನೂ ತಿಳಿಯದ ದಡ್ಡರೆಂದು ಭಾವಿಸಿ ಮಾತನಾಡಬೇಕಂತೆ. ಕೇಳುಗರನ್ನು ಕಲ್ಲೆಂದು ಬಗೆದವರ ಮಾತು ಕಲ್ಲಿಗೆ ಹೇಳಿದಂತೆಯೇ ಇರುತ್ತದೆ. ಸಭೆಯನ್ನು ಶರಣಸಂಕುಲವೆಂದು ಕಾಣುವ ಪರಂಪರೆಗೆ ಇದಕ್ಕಿಂತ ಸಲ್ಲದ ಮಾತಿಲ್ಲ. ಭಯವನ್ನು ತಿರಸ್ಕಾರದಿಂದ ಮುಚ್ಚುವುದಕ್ಕಿಂತ ಭಯದೊಡನೆಯೇ ಎರಡು ಮಾತು ಹೇಳಿ ಇಳಿಯುವುದು ಮೇಲು.

ಮಕ್ಕಳ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದಂದಿನಿಂದ ಜಯಂತಿಯ ವೇದಿಕೆ ಎಷ್ಟೋ ಮಕ್ಕಳಿಗೆ ಮೊದಲ ವೇದಿಕೆಯಾಗಿದೆ. ಅಲ್ಲಿ ವಚನ ಕಂಠಪಾಠ ಸ್ಪರ್ಧೆ ಇದ್ದೇ ಇರುತ್ತದೆ. ಎಂಟು ವರ್ಷದ ಮಗು ನಡುವೆ ಒಂದು ಪದ ಮರೆತು ನಿಂತಾಗ ಸಭೆಯ ಹಿಂಭಾಗದಿಂದ ಕೇಳಿಬರುವ ನಗೆ ದುರುದ್ದೇಶದ್ದಲ್ಲ, ಬಹುಶಃ ವಾತ್ಸಲ್ಯದ್ದೇ. ಮಗುವಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ತಾಳ, ಛಂದಸ್ಸು, ಗಣಗಳ ಲೆಕ್ಕವೊಂದೂ ತಮಗೆ ತಿಳಿಯದು, ಪ್ರೀತಿಯೇ ತಮ್ಮ ಹಾಡಿನ ಅಳತೆ ಎಂಬರ್ಥದ ವಚನವನ್ನು ಹಾಡಿದ ಬಸವಣ್ಣನವರ ಹೆಸರಿನಲ್ಲಿ ನಡೆಯುವ ಸ್ಪರ್ಧೆಯಲ್ಲಿ ಒಂದು ಪದ ತಪ್ಪಿದರೆ ಒಂದು ಅಂಕ ಕಳೆಯುವ ಪದ್ಧತಿಯಿದೆ! ಕಂಠಪಾಠ ಬೇಡವೆಂದಲ್ಲ. ವಚನವನ್ನು ಅರ್ಥ ತಿಳಿದು ಕಲಿತ ಮಗು ಪದ ಮರೆತಾಗ ಅರ್ಥವನ್ನು ಹಿಡಿದು ಮುಂದೆ ಸಾಗಬಲ್ಲದು. ಬರಿಯ ಶಬ್ದಗಳ ಸರಪಳಿಯನ್ನು ಕಲಿತ ಮಗುವಿಗೆ ಒಂದು ಕೊಂಡಿ ಕಳಚಿದರೆ ಎಲ್ಲವೂ ಕಳಚಿದಂತೆ.

ದೊಡ್ಡವರಿಗೂ ಇದೇ ಮಾತು ಅನ್ವಯಿಸುತ್ತದೆ. ಇಡೀ ಭಾಷಣವನ್ನು ಉರುಹೊಡೆಯುವುದು ಅಪಾಯಕರ. ಮೊದಲ ಎರಡು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿಕೊಂಡು, ಉಳಿದುದಕ್ಕೆ ನಾಲ್ಕು ಅಂಶಗಳ ಚೀಟಿ ಇಟ್ಟುಕೊಳ್ಳುವುದು ಲೇಸು. ಉಬ್ಬರದ ನಿಮಿಷಗಳನ್ನು ಆ ಎರಡು ವಾಕ್ಯಗಳು ದಾಟಿಸುತ್ತವೆ. ಹೆಸರು ಕರೆಯುವ ಮುನ್ನ ಉಸಿರನ್ನು ಮೂಗಿನಿಂದ ಎಳೆದುಕೊಂಡು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ತುಸು ನಿಧಾನವಾಗುತ್ತದೆ. ಬಿಡುವ ಅವಧಿ ದೀರ್ಘವಾದಷ್ಟೂ ಆ ಲಾಭ ಹೆಚ್ಚು. ಷಡಕ್ಷರ ಮಂತ್ರವನ್ನು ನಿಡಿದಾಗಿ ಉಚ್ಚರಿಸುವವರಿಗೆ ಈ ಅಭ್ಯಾಸ ಆಗಲೇ ಇರುತ್ತದೆ. ಕರಸ್ಥಲದ ಇಷ್ಟಲಿಂಗದ ಮೇಲೆ ಪ್ರತಿದಿನ ದೃಷ್ಟಿ ನಿಲ್ಲಿಸಿ ಕುಳಿತುಕೊಳ್ಳುವವರಿಗೆ ಅಲೆಯುವ ಗಮನವನ್ನು ಮತ್ತೆ ಒಂದೆಡೆಗೆ ತರುವುದು ಹೊಸ ವಿದ್ಯೆಯೇನಲ್ಲ. ಆದರೆ ಪೂಜೆ ಮಾಡಿದ ಮಾತ್ರಕ್ಕೆ ನಾಲಗೆ ತಾನಾಗಿ ಓಡುತ್ತದೆಂದು ಹೇಳಿದರೆ ಅದು ಲಿಂಗಪೂಜೆಗೂ ಭಾಷಣಕ್ಕೂ ಮಾಡುವ ಅನ್ಯಾಯ. ಮೊದಲೇ ಹೋಗಿ ಖಾಲಿ ವೇದಿಕೆಯಲ್ಲಿ ನಿಂತು, ಧ್ವನಿವರ್ಧಕದಲ್ಲಿ ತಮ್ಮ ಸ್ವರವನ್ನು ಒಮ್ಮೆ ಕೇಳಿಕೊಳ್ಳುವುದೂ ಒಳ್ಳೆಯದು. ತಮ್ಮದೇ ಸ್ವರ ಅಪರಿಚಿತವಾಗಿ ಮೊಳಗಿದಾಗ ಬೆಚ್ಚಿದವರು ಬಹಳ.

ಹಾಗಿದ್ದೂ ಕೆಲವರಿಗೆ ಈ ಕಂಪ ವೇದಿಕೆಗೆ ಸೀಮಿತವಾಗಿರುವುದಿಲ್ಲ. ನಾಲ್ಕು ಜನರ ಎದುರು ಊಟ ಮಾಡಲು, ಹೆಸರು ಹೇಳಲು, ಹಾಜರಿಗೆ ಉತ್ತರಿಸಲು ಕೂಡ ಆಗದಷ್ಟು ಅದು ಬದುಕನ್ನು ಕುಗ್ಗಿಸುತ್ತದೆ. ಅದು ವೈದ್ಯಶಾಸ್ತ್ರ ಬಲ್ಲ ಸಮಸ್ಯೆ. ಅದಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಔಷಧಗಳೂ ಇವೆ. ವೈದ್ಯರ ಸಲಹೆಯಿಲ್ಲದೆ ಮಾತ್ರೆ ನುಂಗುವುದು ಸಲ್ಲದು. ಹೃದಯದ ಬಡಿತ ತಗ್ಗಿಸುವ ಕೆಲವು ಮಾತ್ರೆಗಳು ಉಬ್ಬಸ ಇರುವವರಿಗೆ ಅಪಾಯ ತರಬಲ್ಲವು. ಇಂಥವರಿಗೆ ಶ್ರದ್ಧೆ ಸಾಲದು, ಭಕ್ತಿ ಗಟ್ಟಿಯಿಲ್ಲ ಎಂದು ಹೇಳುವವರು ಅವರ ಹೊರೆಯ ಮೇಲೆ ಇನ್ನೊಂದು ಕಲ್ಲನ್ನು ಹೇರುತ್ತಾರೆ. ಭಕ್ತಿಗೂ ಅಡ್ರಿನಲ್ ಗ್ರಂಥಿಗೂ ಹಗೆಯಿಲ್ಲ.

ಇಷ್ಟು ಮಾತನಾಡುವವರ ಪಾಲಿನ ಕರ್ತವ್ಯ. ಇನ್ನರ್ಧದ ಬಗ್ಗೆ ಜರ್ಮನಿಯ ವಿಜ್ಞಾನಿಗಳಿಂದ ಕಲಿಯಬೇಕಾದದ್ದಿದೆ. ಆರೋಗ್ಯವಂತರಲ್ಲಿ ಒತ್ತಡವನ್ನು ಉಂಟುಮಾಡಿ ಅಳೆಯುವುದಕ್ಕಾಗಿ ಟ್ರಿಯರ್ ವಿಶ್ವವಿದ್ಯಾಲಯದವರು 1993ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಆ ವಿಧಾನದಲ್ಲಿ ವಿದ್ಯುತ್ತಿನ ಆಘಾತವಿಲ್ಲ, ಗದರಿಕೆಯಿಲ್ಲ. ಸ್ವಲ್ಪ ಸಿದ್ಧತೆಯ ಸಮಯ ಕೊಟ್ಟು ಐದು ನಿಮಿಷ ಭಾಷಣ ಮಾಡಿಸುತ್ತಾರೆ, ಬಳಿಕ ಐದು ನಿಮಿಷ ಬಾಯಿಲೆಕ್ಕ ಮಾಡಿಸುತ್ತಾರೆ. ಎದುರಿಗೆ ಕುಳಿತ ತೀರ್ಪುಗಾರರಿಗೆ ಇರುವ ಕಟ್ಟಪ್ಪಣೆ ಒಂದೇ, ಮುಖದಲ್ಲಿ ಯಾವ ಭಾವವನ್ನೂ ತೋರಬಾರದು. ನಗಬಾರದು, ತಲೆದೂಗಬಾರದು. ಇಷ್ಟರಿಂದಲೇ ಒತ್ತಡದ ಸ್ರಾವವಾದ ಕಾರ್ಟಿಸಾಲ್ ಗಣನೀಯವಾಗಿ ಏರುತ್ತದೆ. 2013ರಲ್ಲಿ ಬೋಖುಮ್ ನಗರದ ಸಂಶೋಧಕರು ಇದನ್ನೇ ಸ್ನೇಹಪೂರ್ಣವಾಗಿ ಬದಲಿಸಿ ನೋಡಿದರು. ಕೇಳುವವರು ಮುಗುಳ್ನಕ್ಕರು, ತಲೆಯಾಡಿಸಿದರು, ಮಾತಿಗೆ ಸ್ಪಂದಿಸಿದರು. ಕಾರ್ಟಿಸಾಲ್ ಏರಲಿಲ್ಲ. ಮಾತನಾಡುವುದೇ ಒತ್ತಡವಲ್ಲ, ಭಾವವಿಲ್ಲದ ಮುಖಗಳ ಮುಂದೆ ಮಾತನಾಡುವುದು ಒತ್ತಡ ಎಂಬುದು ಇದರಿಂದ ವೇದ್ಯವಾಗುತ್ತದೆ.

ಇದನ್ನು ಓದಿದವರಿಗೆ ಮಠಗಳ ಸಮಾರಂಭಗಳ ಮುಂದಿನ ಸಾಲು ನೆನಪಾಗದಿರದು. ಗಣ್ಯರು ಗಂಭೀರವಾಗಿ ಕುಳಿತಿರುತ್ತಾರೆ. ಗಾಂಭೀರ್ಯವೇ ಗೌರವವೆಂಬ ಭಾವನೆ ಅವರಲ್ಲಿ ಬೇರೂರಿದೆ. ವೇದಿಕೆಯ ಮೇಲಿರುವ ಇಬ್ಬರು ತಮ್ಮೊಳಗೆ ಪಿಸುಗುಡುತ್ತಿರುತ್ತಾರೆ. ಮೊದಲ ಬಾರಿ ಮಾತನಾಡಲು ಬಂದ ಅಕ್ಕನ ಬಳಗದ ಸದಸ್ಯೆಯನ್ನು ಸನ್ಮಾನ, ಹಾರತುರಾಯಿ, ಸಂದೇಶವಾಚನ, ಹಿರಿಯರ ಭಾಷಣಗಳೆಲ್ಲ ಮುಗಿಯುವವರೆಗೆ ಎರಡು ಗಂಟೆ ಕಾಯಿಸಿ, ಎದ್ದು ನಿಂತಾಗ ಸಮಯದ ಅಭಾವವಿದೆ ಎಂಬ ಚೀಟಿಯನ್ನು ಕೈಗಿಡಲಾಗುತ್ತದೆ. ಹದಿನೈದು ನಿಮಿಷಕ್ಕೆ ಸಿದ್ಧಪಡಿಸಿಕೊಂಡ ಮಾತನ್ನು ನಾಲ್ಕು ನಿಮಿಷಕ್ಕೆ ನಿಂತಲ್ಲೇ ಕತ್ತರಿಸಿಕೊಳ್ಳುವುದು ನುರಿತ ವಾಗ್ಮಿಗೂ ಕಷ್ಟ. ಆಕೆ ತಡವರಿಸಿದರೆ ಅದನ್ನು ಆಕೆಯ ಸಭಾಕಂಪವೆನ್ನುತ್ತಾರೆ. ಅದು ಸಭೆಯೇ ಮಾಡಿದ ಕಂಪ.

ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ಕೊಂಡಾಡುವಾಗ ಅಲ್ಲಿ ಮಾತನಾಡಿದವರ ಹೆಸರುಗಳನ್ನು ಹೆಮ್ಮೆಯಿಂದ ಹೇಳಲಾಗುತ್ತದೆ. ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ, ನುಲಿಯ ಚಂದಯ್ಯ, ಸತ್ಯಕ್ಕ. ಅವರು ಮಾತನಾಡಿದ್ದು ದೊಡ್ಡದು, ನಿಜ. ಅವರನ್ನು ಕೇಳುವವರು ಅಲ್ಲಿದ್ದರೆಂಬುದು ಅಷ್ಟೇ ದೊಡ್ಡದು. ದೋಣಿ ನಡೆಸುವವನು, ಅಕ್ಕಿ ಆಯುವವಳು, ಹಗ್ಗ ಹೊಸೆಯುವವನು ಅದಕ್ಕೆ ಮುನ್ನ ಯಾವ ಸಭೆಯ ವೇದಿಕೆಯನ್ನೂ ಹತ್ತಿದವರಲ್ಲ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಕೇಳುವ ಪ್ರಶ್ನೆಗಳು ಅತಿ ಕಠಿಣ. ತುಂಬಿದ ಸಭೆಯಲ್ಲಿ ಒಬ್ಬ ತರುಣಿಗೆ ಆಕೆಯ ಪತಿಯ ಬಗ್ಗೆ, ಆಕೆಯ ದೇಹದ ಬಗ್ಗೆ ಪ್ರಶ್ನೆಗಳು ಎದುರಾಗುತ್ತವೆ. ಅಕ್ಕ ನಡುಗಿದಳೇ ಎಂಬುದನ್ನು ಗ್ರಂಥ ಹೇಳುವುದಿಲ್ಲ. ಆದರೆ ಕೇಳಿದವರು ಉತ್ತರಕ್ಕಾಗಿ ಕಾದರು, ಉತ್ತರ ಮುಗಿಯುವವರೆಗೆ ಕೇಳಿದರು, ಕೊನೆಗೆ ಅದನ್ನು ಒಪ್ಪಿ ಗೌರವಿಸಿದರು. ಕಠಿಣ ಪ್ರಶ್ನೆ ಮಾತನಾಡುವವರನ್ನು ಕೊಲ್ಲುವುದಿಲ್ಲ, ಅಲಕ್ಷ್ಯ ಕೊಲ್ಲುತ್ತದೆ. ಜಗತ್ತಿನಲ್ಲಿ ಹುಟ್ಟಿದ ಮೇಲೆ ಸ್ತುತಿನಿಂದೆಗಳಿಗೆ ಕಲಕದೆ ಇರಬೇಕೆಂಬ ಅಕ್ಕನ ವಚನವನ್ನು ಮಾತನಾಡುವವರಿಗೆ ಪದೇ ಪದೇ ಉಪದೇಶಿಸುವವರು, ಆ ಮನಃಸ್ಥಿತಿ ಬರುವವರೆಗೆ ಸಾಮಾನ್ಯರಿಗೆ ಒಂದಿಷ್ಟು ಸ್ನೇಹದ ಮುಖಗಳು ಬೇಕೆಂಬುದನ್ನೂ ಮರೆಯಬಾರದು.

ಗೋಷ್ಠಿಗಳನ್ನು ಏರ್ಪಡಿಸುವ ಶರಣಬಂಧುಗಳು ಕೆಲವು ಸಣ್ಣ ಬದಲಾವಣೆಗಳನ್ನು ಮಾಡಬಹುದು. ಹೊಸಬರ ಮಾತನ್ನು ಸನ್ಮಾನಗಳಿಗಿಂತ ಮೊದಲು ಇಡುವುದು. ಕೊಟ್ಟ ಸಮಯವನ್ನು ನಡುವೆ ಕಡಿತಗೊಳಿಸದಿರುವುದು. ಬಳಗದ ಇಬ್ಬರನ್ನಾದರೂ ಮುಂದಿನ ಸಾಲಿನಲ್ಲಿ, ಮಾತನಾಡುವವರ ಕಣ್ಣಿಗೆ ಬೀಳುವಂತೆ ಕೂರಿಸುವುದು. ಮೊದಲು ಹತ್ತು ಜನರ ಮನೆಗೋಷ್ಠಿಯಲ್ಲಿ, ಬಳಿಕ ಮೂವತ್ತು ಜನರ ವಾರದ ಸಭೆಯಲ್ಲಿ ಮಾತನಾಡಿಸಿ ಆಮೇಲೆ ಜಾತ್ರೆಯ ವೇದಿಕೆಗೆ ಕರೆಯುವುದು. ನಿರೂಪಕರು ಹೊಸಬರನ್ನು ಪರಿಚಯಿಸುವಾಗ ಇದು ಅವರ ಮೊದಲ ಭಾಷಣವೆಂದು ಸಾರುವ ಅಗತ್ಯವಿಲ್ಲ. ಹಾಳೆ ನೋಡಿ ಓದುವವರನ್ನು ಕೀಳೆಂದು ಕಾಣುವ ಪ್ರವೃತ್ತಿಗೂ ಕಾರಣವಿಲ್ಲ; ಒಳ್ಳೆಯದನ್ನು ಬರೆದು ತಂದಿದ್ದರೆ ಓದಲಿ.

ಓದಲೂ ಆಗದಿದ್ದರೆ ಅದಕ್ಕೂ ಸಭೆ ಸಿದ್ಧವಾಗಿರಬೇಕು. ಬರೆದು ತಂದ ಹಾಳೆಯ ಇನ್ನೊಂದು ಪ್ರತಿ ಮೊದಲೇ ನಿರೂಪಕರ ಕೈಯಲ್ಲಿರಲಿ. ಸ್ವರ ನಿಂತ ಕಡೆಯಿಂದ ಬಳಗದ ಇನ್ನೊಬ್ಬರು ಎದ್ದು, ಯಾವ ವಿವರಣೆಯನ್ನೂ ಕೊಡದೆ, ಮುಂದಿನ ಸಾಲನ್ನು ಓದಲಿ. ಬರೆದವರು ಪಕ್ಕದಲ್ಲಿಯೇ ನಿಂತಿರಲಿ, ವರದಿಯಲ್ಲಿ ಅವರ ಹೆಸರೇ ಬರಲಿ, ಮುಂದಿನ ತಿಂಗಳ ಗೋಷ್ಠಿಯ ಪಟ್ಟಿಯಲ್ಲಿಯೂ ಆ ಹೆಸರು ಇರಲಿ.